ಒಂಬತ್ತು ಇಪ್ಪತ್ತರ ಬೆಳಕು

ಪ್ರೀತಿಯ ಪ್ರಶ್ನೆಪೆಟ್ಟಿಗೆ,

ಈ ಹೆಸರಿಟ್ಟವಳು ನಾನೇ ಎಂಬ ಸಲುಗೆಯಿಂದ ಹೀಗೆ ಕರೆಯುತ್ತಿದ್ದೇನೆ. ನಮ್ಮ ಬಟ್ಟೆ ಕಾರ್ಖಾನೆಯ ಬಣ್ಣದ ಕೋಣೆಗೆ ಬಂದ ಮೊದಲ ವಾರ "ಅಕ್ಕ, ಇದ್ಯಾಕೆ ಹೀಗೆ? ಅಕ್ಕ, ಅದ್ಯಾಕೆ ಹಾಗೆ?" ಎಂದು ನೀನು ನನ್ನ ತಲೆ ತಿಂದಿದ್ದೆ. ಈಗ ಏನನ್ನೂ ಕೇಳುವುದಿಲ್ಲ. ನಿನ್ನೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೇ ಉತ್ತರವನ್ನು ನಾನಾಗಿಯೇ ಬರೆಯುತ್ತಿದ್ದೇನೆ. ಮಧ್ಯಾಹ್ನ ಎರಡೂವರೆಯಾಗಿದೆ. ಮಗಳು ಮಲಗಿದ್ದಾಳೆ, ಅವಳು ಏಳುವುದರೊಳಗೆ ಇದನ್ನು ಮುಗಿಸಬೇಕು.

ಒಂಬತ್ತು ವರ್ಷ ಆ ಕೋಣೆಯಲ್ಲಿ ನನ್ನದು ಒಂದೇ ಕೆಲಸವಾಗಿತ್ತು. ಬಣ್ಣದ ತೊಟ್ಟಿಯಿಂದ ಬಂದ ಬಟ್ಟೆಯ ತುಂಡನ್ನು ಗಿರಾಕಿ ಕೊಟ್ಟ ಮಾದರಿಯ ಪಕ್ಕದಲ್ಲಿಟ್ಟು, ಕಿಟಕಿಯ ಬೆಳಕಿನಲ್ಲಿ ನೋಡಿ, ಕಾರ್ಡಿನ ಮೇಲೆ "ಹೊಂದಿದೆ" ಅಥವಾ "ಹೊಂದಿಲ್ಲ" ಎಂದು ಬರೆದು ಸಹಿ ಹಾಕುವುದು. ನನ್ನ ಸಹಿ ಇಲ್ಲದೆ ಒಂದು ಗಜ ಬಟ್ಟೆಯೂ ಗೇಟು ದಾಟುತ್ತಿರಲಿಲ್ಲ. ತೊಟ್ಟಿಯ ಮೇಸ್ತ್ರಿ ನನಗೆ ಕಣ್ಣಕ್ಕ ಎಂದು ಹೆಸರಿಟ್ಟ, ಇಡೀ ಕಾರ್ಖಾನೆ ಹಾಗೆಯೇ ಕರೆಯಿತು. ಆ ಹೆಸರಿಗೆ ನಾನು ಎಷ್ಟು ಉಬ್ಬುತ್ತಿದ್ದೆ ಎಂಬುದನ್ನು ನನ್ನ ಗಂಡನಿಗೂ ಹೇಳಿಲ್ಲ.

ನಿನಗೆ ನಾನು ಕಲಿಸಿದ ಮೊದಲ ಪಾಠ ಬಟ್ಟೆಯದು. "ಈ ಕೋಣೆಗೆ ಬೂದು ಬಟ್ಟೆ ಹಾಕ್ಕೊಂಡೇ ಬರ್ಬೇಕು. ಮೈಮೇಲಿನ ಕೆಂಪಿನ ಛಾಯೆ ಹೋಗಿ ಮೇಜಿನ ಮೇಲಿನ ಬಿಳೀಗೆ ಅಂಟ್ಕೊಳುತ್ತೆ," ಎಂದಿದ್ದೆ. "ಹಾಗಾದ್ರೆ ನನ್ನ ಮದ್ವೆ ದಿನಾನೂ ಬೂದುನಾ ಅಕ್ಕ?" ಎಂದು ನೀನು ನಕ್ಕಿದ್ದೆ. ಮರುದಿನದಿಂದ ಬೂದು ಬಟ್ಟೆಯಲ್ಲೇ ಬಂದೆ. ಅವತ್ತೇ ನನಗೆ ಗೊತ್ತಾಯಿತು, ಈ ಹುಡುಗಿ ಕಲಿಯುತ್ತಾಳೆ ಎಂದು. ಹೆರಿಗೆ ರಜೆಗೆ ಹೊರಟಾಗ ಮಾದರಿಗಳ ಡ್ರಾಯರಿನ ಬೀಗದ ಕೈಯನ್ನು ನಾನೇ ನಿನ್ನ ಕೈಯಲ್ಲಿಟ್ಟೆ. ಆರು ತಿಂಗಳಿಗೆ ಎಂದು ಇಟ್ಟೆ.

ವಾಪಸು ಬಂದಾಗ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ ಬರುತ್ತೇನೆಂದು ಕೇಳಿದವಳೂ ನಾನೇ. ಮ್ಯಾನೇಜರು ಎಷ್ಟು ಸಂತೋಷದಿಂದ ಒಪ್ಪಿಕೊಂಡರೆಂದರೆ ನನಗೇ ನಾಚಿಕೆಯಾಯಿತು. "ನೀವು ಆರಾಮಾಗಿರಿ ಮೇಡಂ, ಮಗು ಸಣ್ಣದು, ಟೆನ್ಶನ್ ಎಲ್ಲಾ ಯಾಕೆ ನಿಮ್ಗೆ?" ಎಂದರು. ಆಮೇಲೆ ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ನನ್ನನ್ನು ನನ್ನ ಕೆಲಸದೊಳಗಿಂದ ತೆಗೆದರು. ಬೆಳಗಿನ ಬಣ್ಣ ನೋಡುವ ಕೆಲಸ ಮಧ್ಯಾಹ್ನ ಮೂರಕ್ಕೆ ಹೋಯಿತು, ನನಗೆ ತೊಂದರೆಯಾಗದಿರಲಿ ಎಂದು. ಸಹಿ ನಿನಗೆ ಹೋಯಿತು, ನನಗೆ ಹೊರೆಯಾಗದಿರಲಿ ಎಂದು. ನನ್ನ ಪಾಲಿಗೆ ಕತ್ತರಿ, ಅಂಟು ಮತ್ತು ಹಳೆಯ ಆಲ್ಬಮ್ಮುಗಳು ಉಳಿದವು. ಪಾಸಾದ ಬಟ್ಟೆಗಳ ಚೂರು ಕತ್ತರಿಸಿ ಅಂಟಿಸಿ ತಾರೀಖು ಬರೆಯುವ ಕೆಲಸ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯತನದ ಜೊತೆ ಹೇಗೆ ಜಗಳವಾಡುವುದು?

ಒಂದು ದಿನ ಬೇಕೆಂತಲೇ ಕಡುಗೆಂಪು ಬಟ್ಟೆ ಹಾಕಿಕೊಂಡು ಬಂದೆ. ನಿನಗೆ ನೆನಪಿರಲಿಕ್ಕಿಲ್ಲ. ಯಾರಾದರೂ ಗದರಲಿ, "ಕಣ್ಣಕ್ಕ, ಇದೇನಿದು!" ಎಂದು ಕೇಳಲಿ ಎಂದು ಕಾದೆ. ಮ್ಯಾನೇಜರು ಬಾಗಿಲಲ್ಲಿ ನಿಂತು "ಈ ಬಣ್ಣ ನಿಮ್ಗೆ ಒಪ್ಪುತ್ತೆ ಮೇಡಂ" ಎಂದು ಹೋದರು. ನೀನು ತಲೆ ಎತ್ತಿ ನಕ್ಕು ಮತ್ತೆ ಕೆಲಸಕ್ಕೆ ಬಗ್ಗಿದೆ. ನಾನಿನ್ನು ಯಾವ ಬಣ್ಣ ಉಟ್ಟರೂ ಯಾವುದೂ ಕೆಡುವುದಿಲ್ಲ ಎಂದು ಅವತ್ತು ಅರ್ಥವಾಯಿತು. ಹನ್ನೆರಡರ ಹೊತ್ತಿಗೆ ಎದೆ ಹಾಲು ಕಟ್ಟಿಕೊಂಡು ನೋಯುತ್ತಿತ್ತು. ನೋವು ಅದರದ್ದೇ ಎಂದುಕೊಂಡು ಅಂಟು ಹಚ್ಚುತ್ತಾ ಕುಳಿತೆ.

ನೀನು ಕೆಟ್ಟವಳಲ್ಲ. ದಿನವೂ "ಅಕ್ಕ, ಪಾಪು ಹೇಗಿದ್ದಾಳೆ?" ಎಂದು ಕೇಳುತ್ತಿದ್ದೆ. ಅದೊಂದನ್ನೇ ಕೇಳುತ್ತಿದ್ದೆ. ನನ್ನ ಮಗಳ ಹಲ್ಲಿನ ಬಗ್ಗೆ ಕಾರ್ಖಾನೆಗೆಲ್ಲ ಗೊತ್ತಿತ್ತು. ಹೊಸ ನೀಲಿ ಪುಡಿ ಬಂದಿದೆ ಎಂಬುದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಈಗ ಆ ಮಂಗಳವಾರದ ಮಾತು. ಬಸ್ ಕಂಪನಿಯ ಚಾಲಕರ ಸಮವಸ್ತ್ರದ ಬೂದುನೀಲಿ ನೆನಪಿದೆಯಲ್ಲ, ಮರೆಯುವುದೆಲ್ಲಿ. ಅಂಗಿಯ ಬಟ್ಟೆ ಹಿಂದಿನ ತಿಂಗಳೇ ಹೋಗಿತ್ತು. ಅದೇ ಬಣ್ಣ ಬರಬೇಕಿದ್ದ ಪ್ಯಾಂಟಿನ ಬಟ್ಟೆ ಸೋಮವಾರ ಸಂಜೆ ತೊಟ್ಟಿಯಿಂದ ಬಂತು. ಹೊರಗೆ ಕತ್ತಲಾಗಿತ್ತು, ಲಾರಿ ಮರುದಿನ ಹನ್ನೊಂದಕ್ಕೆ ಹೊರಡಬೇಕಿತ್ತು, ಮ್ಯಾನೇಜರು ತಲೆಯ ಮೇಲೆ ನಿಂತಿದ್ದರು. ನೀನು ಟ್ಯೂಬ್‌ಲೈಟಿನಲ್ಲಿ ನೋಡಿ ಸಹಿ ಹಾಕಿದೆ. ಟ್ಯೂಬ್‌ಲೈಟಿನಲ್ಲಿ ಅವು ಅವಳಿ ಮಕ್ಕಳಂತೆಯೇ ಇದ್ದವು, ನಾನೂ ಆಮೇಲೆ ಆ ಬೆಳಕಿನಲ್ಲಿಟ್ಟು ನೋಡಿದ್ದೇನೆ.

ಮಂಗಳವಾರ ಬೆಳಗ್ಗೆ ನಿನ್ನನ್ನು ಗೋದಾಮಿಗೆ ಕಳಿಸಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ಆಲ್ಬಮ್ಮಿಗೆ ಅಂಟಿಸಲೆಂದು ಆ ಪ್ಯಾಂಟಿನ ಚೂರು ನನ್ನ ಮೇಜಿಗೆ ಬಂದಿತ್ತು. ಅಂಗಿಯ ಚೂರಿನ ಪಕ್ಕ ಹಿಡಿದು ಸುಮ್ಮನೆ ಕಿಟಕಿಯತ್ತ ತಿರುಗಿಸಿದೆ. ಹಸಿರು. ಕೆರೆಯ ಪಾಚಿಯ ಹಾಗೆ ಒಳಗಿನಿಂದ ಹಸಿರು ಇಣುಕುತ್ತಿತ್ತು. ಗೋಡೆಯ ಬೂದು ಹಲಗೆಯನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟು ಮತ್ತೆ ನೋಡಿದೆ. ಅನುಮಾನವೇ ಇಲ್ಲ. ಒಂಬತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಒಂದು ಕಾರ್ಡು ತೆಗೆದುಕೊಂಡು "ಹೊಂದಿಲ್ಲ" ಎಂದು ಬರೆಯಿತು. ತಾರೀಖು, ಸಮಯ ಒಂಬತ್ತು ಇಪ್ಪತ್ತು, ನನ್ನ ಸಹಿ.

ಫೋನು ಮೊಳದುದ್ದ ದೂರದಲ್ಲಿತ್ತು. ಲಾರಿಯವರಿಗೆ "ನಿಲ್ಸಿ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಮರೆತೆ ಎನ್ನಲೇ, ಅಧಿಕಾರವಿರಲಿಲ್ಲ ಎನ್ನಲೇ? ಅದೆಲ್ಲ ಆಮೇಲೆ ಹುಡುಕಿಕೊಂಡ ನೆಪ. ನಿಜ ಇಷ್ಟೆ: ಹೋಗಲಿ ಅನ್ನಿಸಿತು. ಹೋಗಿ ವಾಪಸು ಬರಲಿ, ಕಣ್ಣಕ್ಕ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಒಬ್ಬರಾದರೂ ಹೇಳಲಿ ಅನ್ನಿಸಿತು. ಅದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಬೇರೆ ಹೆಸರಿಲ್ಲ. ಕಾರ್ಡನ್ನು ಮಡಚಿ, ಚೀಲದಲ್ಲಿದ್ದ ಮಗಳ ಜೊಲ್ಲುಬಟ್ಟೆಯ ಕೆಳಗಿಟ್ಟೆ. ಹನ್ನೊಂದಕ್ಕೆ ಲಾರಿ ಹಿಂದೆ ಸರಿದು ಗೇಟು ದಾಟುವುದನ್ನು ಅದೇ ಕಿಟಕಿಯಿಂದ ನೋಡಿದೆ. ಒಂದಕ್ಕೆ ಮನೆಗೆ ಹೋದೆ.

ಶುಕ್ರವಾರ ಬಟ್ಟೆ ವಾಪಸು ಬಂತು. ಹೊಸ ಅಂಗಿ ತೊಟ್ಟ ಚಾಲಕನ ಪಕ್ಕ ಬಿಸಿಲಿನಲ್ಲಿ ಹಿಡಿದು ನೋಡಿದರಂತೆ, ಅಂಗಿಯದೊಂದು ಊರು, ಪ್ಯಾಂಟಿನ ಬಟ್ಟೆಯದೊಂದು ಊರು. ನಿನ್ನೆ ಮ್ಯಾನೇಜರು ನಮ್ಮ ಕೋಣೆಗೇ ಬಂದು ವಿಚಾರಣೆ ಮಾಡಿದರಲ್ಲ, ಆಗ ನಾನು ನಿನ್ನಿಂದ ಮೂರಡಿ ದೂರದಲ್ಲಿ ಆಲ್ಬಮ್ಮು ಬಿಡಿಸಿಕೊಂಡು ಕುಳಿತಿದ್ದೆ. "ಲಾರಿ ಹೊರಡೋ ಮುಂಚೆ ಬೆಳಗ್ಗೆ ಬೆಳಕಲ್ಲಿ ನೋಡೋಕೆ ರೂಮಲ್ಲಿ ಯಾರಾದ್ರೂ ಇದ್ರಾ?" ಎಂದು ಕೇಳಿದರು. "ಯಾರೂ ಇರ್ಲಿಲ್ಲ ಸಾರ್," ಎಂದೆ ನೀನು. ಅವರು ಹೌದೆಂದು ತಲೆಯಾಡಿಸಿದರು.

ನನ್ನನ್ನು ಕಾಪಾಡಲು ನೀನು ಹಾಗೆ ಹೇಳಿದೆಯೇನೋ ಎಂದು ನಿನ್ನ ಮುಖವನ್ನೇ ನೋಡಿದೆ. ಅತ್ತು ಕೆಂಪಾಗಿದ್ದ ನಿನ್ನ ಕಣ್ಣಿನಲ್ಲಿ ಯಾವ ಗುಟ್ಟೂ ಇರಲಿಲ್ಲ. ನೀನು ನಂಬಿದ್ದನ್ನೇ ಹೇಳಿದ್ದೆ. ಮೇಸ್ತ್ರಿ ನಿನಗೆ ನೀರು ತಂದುಕೊಟ್ಟ. ಲೆಕ್ಕದ ವಿಭಾಗದ ಹೆಂಗಸು ನಿನ್ನ ಬೆನ್ನು ಸವರಿದಳು. ನನ್ನನ್ನು ಯಾರೂ ಬೈಯಲಿಲ್ಲ, ಅನುಮಾನಿಸಲಿಲ್ಲ, "ನೀವೇನಾದ್ರೂ ನೋಡಿದ್ರಾ?" ಎಂದು ಬಾಯಿಮಾತಿಗೂ ಕೇಳಲಿಲ್ಲ. ಬೆರಳಿನ ತುಂಬ ಅಂಟು ಮೆತ್ತಿಕೊಂಡು ಕುಳಿತಿದ್ದ ನಾನು ತಪ್ಪಿತಸ್ಥೆಯಾಗುವಷ್ಟೂ ಅಲ್ಲಿರಲಿಲ್ಲ. ತಂಗಿ, ಇಷ್ಟು ಒಂಟಿಯಾಗಿ ನಾನು ಯಾವತ್ತೂ ಕುಳಿತಿರಲಿಲ್ಲ.

ನಿನ್ನೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. "ಸುಮ್ನಿದ್ದಿದ್ದೇ ಒಳ್ಳೇದಾಯ್ತು ಬಿಡು. ಈಗ ಅದಕ್ಕೂ ನಿನಗೂ ಏನು ಸಂಬಂಧ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆ ಮಾತು ಇನ್ನೂ ಚುಚ್ಚುತ್ತಿದೆ.

ನಿನ್ನನ್ನು ಆ ಕೋಣೆಯಲ್ಲಿ ಇಟ್ಟುಕೊಳ್ಳುವುದೋ ಗೋದಾಮಿಗೆ ಹಾಕುವುದೋ ಎಂದು ನಾಳೆ ತೀರ್ಮಾನಿಸುತ್ತಾರಂತೆ. ತಪ್ಪು ನಿನ್ನದೂ ಹೌದು. ಟ್ಯೂಬ್‌ಲೈಟನ್ನು ನಂಬಬೇಡ ಎಂದು ನೂರು ಸಲ ಹೇಳಿದ್ದೆ. ಆದರೆ ನಿನ್ನ ತಪ್ಪು ಹದಿನೈದು ಗಂಟೆ ಗೇಟಿನೊಳಗೇ ಇತ್ತು, ಅದನ್ನು ಆಚೆ ಬಿಟ್ಟವಳು ನಾನು. ಅರ್ಧ ನಿನ್ನದು, ಅರ್ಧ ನನ್ನದು. ಅರ್ಧ ದಿನದವಳಿಗೆ ಸರಿಯಾದ ಪಾಲೇ ಸಿಕ್ಕಿದೆ.

ಕಾರ್ಡು ಈ ಕಾಗದದ ಜೊತೆಗಿದೆ. ನಾಳೆ ಒಂಬತ್ತಕ್ಕೆ ನಾನೇ ಮ್ಯಾನೇಜರ ಮುಂದೆ ನಿಂತು ಹೇಳುತ್ತೇನೆ. ಕಾರ್ಡು ನನ್ನ ಹತ್ತಿರವೇ ಇದ್ದರೆ ಮತ್ತೆ ಜೊಲ್ಲುಬಟ್ಟೆಯ ಕೆಳಗೆ ಸೇರೀತು ಎಂಬ ಭಯಕ್ಕೆ ನಿನ್ನ ಕೈಗೆ ಕೊಡುತ್ತಿದ್ದೇನೆ. ನನ್ನ ಧೈರ್ಯ ಕೈಕೊಟ್ಟರೆ ನೀನೇ ಅದನ್ನು ಅವರ ಮೇಜಿನ ಮೇಲಿಡು. ಇದನ್ನು ಹೊಟ್ಟೆಗೆ ಹಾಕಿಕೊಳ್ಳಬೇಡ. ಬೈಯಬೇಕೆನಿಸಿದರೆ ಎಲ್ಲರ ಎದುರಿಗೇ ಬೈ.

ಮಗಳು ಮಿಸುಕಾಡುತ್ತಿದ್ದಾಳೆ. ಸಂಜೆ ಅವಳನ್ನು ಎತ್ತಿಕೊಂಡು ಬಂದು ಈ ಲಕೋಟೆಯನ್ನು ನಿನ್ನ ಬಾಗಿಲ ಕೆಳಗೆ ತಳ್ಳಿ ಹೋಗುತ್ತೇನೆ. ನಾಳೆ ಬೂದು ಬಟ್ಟೆ ಹಾಕಿಕೊಂಡು ಬರುತ್ತೇನೆ. ಅವರು ನನ್ನನ್ನು ಕೆಲಸದಿಂದ ತೆಗೆಯಬಹುದು, ತೆಗೆಯಲಿ. ತೆಗೆಯಬೇಕಾದರೂ ಆ ಬೆಳಗ್ಗೆ ನಾನು ಅಲ್ಲಿದ್ದೆ ಎಂದು ಮೊದಲು ಅವರು ಬರೆಯಬೇಕಾಗುತ್ತದೆ.

ನಿನ್ನ ಕಿಟಕಿಗೆ ಬೆಳಕು ತಪ್ಪದಿರಲಿ, ತಂಗಿ. ನಾಳೆ ಮಗುವಿನ ಬಗ್ಗೆ ಕೇಳಬೇಡ, ಬೇರೆ ಏನನ್ನಾದರೂ ಕೇಳು.

ಆ ಮಂಗಳವಾರ ಕೋಣೆಯಲ್ಲಿದ್ದ,
ನಿನ್ನ ಕಣ್ಣಕ್ಕ