ಒತ್ತಿಕೊಂಡೇ ಉಳಿದ ಚಕ್ರ

ಸ್ವಸ್ತಿ ಶ್ರೀ ವಾಟಲ್ ಬೀದಿಯ ಸಮಸ್ತ ಕಸದ ಡಬ್ಬಿಗಳ ಮೇಲ್ವಿಚಾರಿಣಿ, ಅಖಂಡ ಚಹಾಪಾನ ದೀಕ್ಷಾಬದ್ಧೆ, ಪೊರಕೆ ಹಿಡಿಯಿಂದ ಗೋಡೆ ಗುದ್ದುವುದರಲ್ಲಿ ಅಪ್ರತಿಮ ವೀರೆ, ತಲೆಗೆ ಕುಕ್ಕಬಂದ ಮ್ಯಾಗ್‌ಪೈ ಹಕ್ಕಿಗಳ ಎದೆ ನಡುಗಿಸಿದ ಕೋಬರ್ಗ್ ಪುರವರಾಧೀಶ್ವರಿ, ಹಾಲಿ ವಾಸ್ತವ್ಯ ದೂರದ ಉತ್ತರದ ಟೌನ್ಸ್‌ವಿಲ್‌ನಲ್ಲಿ ಮಗನ ಮನೆ, ಶ್ರೀಮತಿ ನೋಲಾ ಪಿಕರಿಂಗ್ ಅವರ ದಿವ್ಯ ಸನ್ನಿಧಾನಕ್ಕೆ,

ಗೋಡೆಯ ಈಚೆ ಬದಿಯ ಏಕಮಾತ್ರ ಪ್ರಜೆ ಕ್ಲೆಮ್ ತಲೆಬಾಗಿ ಒಪ್ಪಿಸುವ ವರದಿ ಏನೆಂದರೆ:

ತಾವು ಫೋನಿನಲ್ಲಿ ದಯಪಾಲಿಸಿದ ಅಪ್ಪಣೆ ನನಗೆ ಅಕ್ಷರಶಃ ನೆನಪಿದೆ. "ಲೋ ಕ್ಲೆಮ್, ನಂಗೊಂದು ರೆಕಾರ್ಡ್ ಹಾಕೋ ಟರ್ನ್‌ಟೇಬಲ್ ನೋಡೋ. ಹಳೇದೇ ಇರ್ಲಿ, ಆದ್ರೆ ಗಟ್ಟಿಮುಟ್ಟಾಗಿರ್ಬೇಕು. ನಾಲ್ಕು ನೂರು ಡಾಲರ್ ಮೇಲೆ ಬಿಡಿಗಾಸೂ ಇಲ್ಲ. ರೆಕಾರ್ಡೆಲ್ಲ ಇಲ್ಲೇ ಇವೆ ಕಣೋ, ಮಡಿಲಲ್ಲಿಟ್ಕೊಂಡು ಕವರ್ ಓದ್ತಾ ಕೂತಿರ್ತೀನಿ. ಹಾಡನ್ನ ಓದೋದು ಅಂದ್ರೆ ಅಡುಗೆ ಪುಸ್ತಕ ನೆಕ್ಕಿದ ಹಾಗೆ." ಆಯ್ತು ಮಹಾರಾಣಿ ಎಂದೆ. "ಗೇಲಿ ಸಾಕು, ಕಿವಿ ತೊಳ್ಕೊಂಡು ಹೋಗಿ ಹುಡುಕು" ಎಂದು ಫೋನ್ ಇಟ್ಟುಬಿಟ್ಟಿರಿ. ಅದೇ ಕೊನೆ. ಆಮೇಲೆ ನಿಮ್ಮ ಫೋನಿಲ್ಲ. ನಾನು ಮಾಡಿದಾಗಲೆಲ್ಲ ನಿಮ್ಮ ಮಗ ರಸ್ ಎತ್ತಿಕೊಂಡು, ಪಾಪ ಬಹಳ ಸೌಜನ್ಯದಿಂದ, "ಅಮ್ಮ ಮಲಗಿದಾರೆ, ಏನಾದ್ರೂ ಹೇಳ್ಬೇಕಾ?" ಎಂದು ಕೇಳುತ್ತಾನೆ. ಏನು ಹೇಳಲಿ? ನಿಮ್ಮ ಅಮ್ಮನ ಕೈಲಿ ಎರಡು ಬೈಗುಳ ಬೈಸಪ್ಪ ಅಂತ ಹೇಳೋಕಾಗುತ್ತದೆಯೇ?

ನಿಮ್ಮ ಹಳೆಯ ಯಂತ್ರದ ಅಂತ್ಯಕ್ರಿಯೆಯ ಬಗ್ಗೆ ನಾನು ಇದುವರೆಗೆ ಪೂರ್ತಿ ಹೇಳಿಲ್ಲ. ನೀವು ವಿಮಾನ ಹತ್ತಿ ಹೋದ ಮೇಲೆ ರಸ್ ಮನೆ ಖಾಲಿ ಮಾಡಿಸಿದನಲ್ಲ, ಅದು ಸರಿಯಾಗಿ ಕೌನ್ಸಿಲ್‌ನವರು ಹಳೆ ಸಾಮಾನು ಒಯ್ಯುವ ವಾರ. ಆ ವಾರ ಮನೆ ಮುಂದಿನ ಹುಲ್ಲಿನ ಮೇಲೆ ಇಟ್ಟದ್ದೆಲ್ಲ ಊರಿನ ಆಸ್ತಿ ಎಂಬ ಧರ್ಮಶಾಸ್ತ್ರ ನಿಮಗೆ ಗೊತ್ತೇ ಇದೆ. ನನ್ನ ಸೋಫಾ, ನನ್ನ ಮೇಜು, ನನ್ನ ಮೂರು ಕಾಲಿನ ಕುರ್ಚಿ ಎಲ್ಲ ಆ ಶಾಸ್ತ್ರದ ಪ್ರಸಾದವೇ. ಕೆಲಸದಿಂದ ಬಂದಾಗ ನಿಮ್ಮ ಹಾಸಿಗೆ ಇತ್ತು, ಇಸ್ತ್ರಿ ಹಲಗೆ ಇತ್ತು. ಟರ್ನ್‌ಟೇಬಲ್ ಇದ್ದ ಕಡೆ ಹುಲ್ಲು ಚೌಕಾಕಾರವಾಗಿ ಮಲಗಿತ್ತು. ಸೈಕಲ್ ಹತ್ತಿ ಸುತ್ತಲಿನ ಬೀದಿಗಳನ್ನೆಲ್ಲ ಸುತ್ತಿದೆ. ಬೇರೆಯವರ ಜಗಲಿಗಳಲ್ಲಿ ಇಣುಕಿದ್ದಕ್ಕೆ ಒಂದು ನಾಯಿ ನನ್ನ ಪ್ಯಾಂಟಿನ ಮೇಲೆ ತೀರ್ಪು ಕೊಟ್ಟಿತು. ಯಂತ್ರ ಸಿಗಲಿಲ್ಲ. ಮರುದಿನದ ಹೊತ್ತಿಗೆ ಹುಲ್ಲೂ ಎದ್ದು ನಿಂತಿತ್ತು.

ಆ ಯಂತ್ರದ ಹಾಡನ್ನು ನಾನು ಸರಿಯಾಗಿ ಕೇಳಿದ್ದೇ ಇಲ್ಲ, ನೋಲಾ. ನಮ್ಮಿಬ್ಬರ ಮನೆಗೂ ಇರುವುದು ಒಂದೇ ಇಟ್ಟಿಗೆ ಗೋಡೆ. ಅದು ತುತ್ತೂರಿಯನ್ನೂ ಪಿಟೀಲನ್ನೂ ತಾನೇ ತಿಂದು ನನಗೆ ಎಂಜಲು ಮಾತ್ರ ಬಿಡುತ್ತಿತ್ತು: ಧಡ್, ಧಡ್, ಧಡ್. ತಟ್ಟೆ ಸುತ್ತಿದಷ್ಟು ಹೊತ್ತೂ, ಎದೆಗೂಡಿನೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ. ಹಾಡು ಮುಗಿದ ಮೇಲೂ ನೀವು ಕುರ್ಚಿಯಲ್ಲೇ ತೂಕಡಿಸುತ್ತಿದ್ದಿರಿ, ಅದು ನಡೆದೇ ಇರುತ್ತಿತ್ತು. ಆಗ ನಾನು ಒಮ್ಮೆ ಗುದ್ದಿದರೆ "ರೆಕಾರ್ಡ್ ಮಗುಚಿ ಹಾಕಿ" ಎಂದು. ನೀವು ಪೊರಕೆಯಿಂದ ಎರಡು ಸಲ ಗುದ್ದಿದರೆ "ಚಹಾಕ್ಕೆ ನೀರಿಟ್ಟಿದೀನಿ, ಬಾ, ಬಿಸ್ಕತ್ತು ನೀನೇ ತಾ" ಎಂದು. ನಿಮ್ಮ ಜಗಲಿಯ ಪಿಂಗಾಣಿ ಕಪ್ಪೆಗೆ ನಾನು ದಿನಾ ಹೊಸ ಟೋಪಿ ತೊಡಿಸುತ್ತಿದ್ದೆನಲ್ಲ, ಅದನ್ನು ಹಿಡಿದು "ಇದು ಯಾವ ದರಿದ್ರದವನ ಕೆಲಸ?" ಎಂದು ಚಹಾ ಬಗ್ಗಿಸುತ್ತಾ ನೀವು ನಡೆಸುತ್ತಿದ್ದ ವಿಚಾರಣೆಗಳಿಗಿಂತ ದೊಡ್ಡ ನ್ಯಾಯಾಲಯ ನಾನು ಕಂಡಿಲ್ಲ.

ಈಗ ಆಚೆ ಬದಿಗೆ ಒಂದು ಯುವ ದಂಪತಿ ಬಂದಿದ್ದಾರೆ. ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಬದುಕುತ್ತಾರೆ. ಒಂದು ಸಂಜೆ ಅಭ್ಯಾಸ ಬಲದಿಂದ ನಾನು ಗೋಡೆಗೆ ಒಂದು ಗುದ್ದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಬಡಿಯಿತು. ಗಂಡ ಬರಿಗಾಲಲ್ಲಿ ನಿಂತಿದ್ದ. "ಸಾರಿ, ನಮ್ದು ಏನಾದ್ರೂ ಶಬ್ದ ಜಾಸ್ತಿ ಆಯ್ತಾ?" ಇಲ್ಲ, ಮೊಳೆ ಹೊಡೀತಿದ್ದೆ ಎಂದೆ. ಸುಳ್ಳು ಹೇಳಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ಮೊಳೆ ಹೊಡೆದೂಬಿಟ್ಟೆ. ಅದಕ್ಕೆ ನೇತುಹಾಕಲು ಏನೂ ಇಲ್ಲ.

ಇರಲಿ. ಆಯ್ಕೆ ಸಮಿತಿಯ (ಅಧ್ಯಕ್ಷ ನಾನು, ಸದಸ್ಯರು ಇಲ್ಲ) ಪ್ರವಾಸಕ್ಕೆ ಬರೋಣ.

ಮೊದಲು ಮಾಲ್‌ನಲ್ಲಿ ಸೂಟ್‌ಕೇಸಿನಂಥ ಹೊಚ್ಚ ಹೊಸತೊಂದನ್ನು ನೋಡಿದೆ. ಬಣ್ಣ ಚೆನ್ನಾಗಿತ್ತು, ಅಷ್ಟೇ. ತಟ್ಟೆ ಹಪ್ಪಳದಷ್ಟು ಹಗುರ. ಹಗುರ ತಟ್ಟೆ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಹಾಡುವವರಿಗೆ ಕುಡಿಸಿ ಹಾಡಿಸಿದಂತಾಗುತ್ತದೆ. ಅದರ ಮುಳ್ಳಂತೂ ರೆಕಾರ್ಡನ್ನು ನೇಗಿಲಿನ ಹಾಗೆ ಉಳುತ್ತದೆ. ಬಿಟ್ಟೆ. ಆಮೇಲೆ ಬ್ರನ್ಸ್‌ವಿಕ್‌ನಲ್ಲಿ ಮೀಸೆಗೆ ಮೇಣ ಹಚ್ಚಿದ ಒಬ್ಬ ಮಹಾಶಯ. ಅವನ ಯಂತ್ರದ ಮೇಲೆ ದೊಡ್ಡ ಹೆಸರಿತ್ತು, ಮರದ ಹೊಳಪಿನಲ್ಲಿ ನನ್ನ ಮುಖ ಕಾಣುತ್ತಿತ್ತು. "ಹಾಕಿ ಕೇಳ್ಬಹುದಾ?" ಎಂದೆ. "ಬ್ರದರ್, ಇಂಥದನ್ನ ಕೇಳೋದಲ್ಲ, ಅನುಭವಿಸೋದು" ಎಂದ. ಯಂತ್ರದ ಮುಳ್ಳು ಹೊತ್ತ ತೋಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಅಲ್ಲಾಡಿಸಿದೆ. ಅಲುಗುವ ಹಲ್ಲಿನ ಹಾಗೆ ಕಟಕಟ ಎಂದಿತು. ಅನುಭವಿಸಿ ಹೊರಬಂದೆ.

ಕೊನೆಗೆ ಥಾಮಸ್‌ಟೌನಿನ ವೆಸ್ನಾ ಸಿಕ್ಕಳು. ದಂತವೈದ್ಯರ ಬಳಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಕಾರಿನ ಶೆಡ್ಡಿನ ತುಂಬ ಟರ್ನ್‌ಟೇಬಲ್ ಇಟ್ಟುಕೊಂಡಿದ್ದಾಳೆ, ಕಾರು ಬೀದಿಯಲ್ಲಿ ನೆನೆಯುತ್ತದೆ. ಜಂಬ ಹೇಳತೀರದು. "ಈ ಮೆಲ್ಬರ್ನ್‌ನಲ್ಲಿ ಮುಳ್ಳು ಅಂದ್ರೆ ಏನು ಅಂತ ಗೊತ್ತಿರೋಳು ನಾನೊಬ್ಳೇ. ಉಳಿದೋರೆಲ್ಲ ಮರಗೆಲಸದೋರು." ಅವಳ ಗಂಡ ಒಳಗಿನಿಂದ, "ಊಟಕ್ಕೆ ಏನಾದ್ರೂ ಇದ್ಯಾ, ಅದೂ ಸ್ಪೇರ್ ಪಾರ್ಟೇನಾ?" ಎಂದು ಕೂಗಿದ. "ಹುಡುಗ ಬಂದಿದಾನೆ, ಸುಮ್ನಿರೋ!" ಎಂದು ಇವಳು ತಿರುಗಿ ಕೂಗಿದಳು. ಆ ಮನೆ ಬಿಟ್ಟು ಬರಲು ನನಗೆ ಮನಸ್ಸೇ ಇರಲಿಲ್ಲ.

ನಿಮ್ಮದರ ಸೋದರನಂಥ ಒಂದು ಯಂತ್ರ ಮೂಲೆಯಲ್ಲಿತ್ತು: ಬೂದು ಬಣ್ಣ, ಒಂದು ಕುರಿಮರಿಯಷ್ಟು ತೂಕ. ನಾನು ತಟ್ಟೆಯನ್ನು ಕೈಯಿಂದ ತಿರುಗಿಸಿ ಬಿಟ್ಟೆ. ಅಂಚು ಏಳದೆ ಬೀಳದೆ, ನೀರಿನ ಮೇಲೆ ಎಲೆ ಸುತ್ತಿದ ಹಾಗೆ ಸುತ್ತಿತು. ತೋಳು ಅಲುಗಲಿಲ್ಲ. "ಇದರ ಮೇಲೆ ದೊಡ್ಡ ಹೆಸರಿಲ್ಲ, ಅದಕ್ಕೇ ಅಗ್ಗ. ಉಳಿದ ದುಡ್ಡನ್ನ ಮುಳ್ಳಿಗೆ ಹಾಕು. ಮರಕ್ಕೆ ಪಾಲಿಶ್ ಹೊಡೆದ್ರೆ ಹಾಡು ಚೆನ್ನಾಗಾಗಲ್ಲ" ಎಂದಳು ವೆಸ್ನಾ. ಕೊಂಡರೆ ಇದನ್ನೇ ಎಂದುಕೊಂಡು ಸ್ವಿಚ್ ಹಾಕಿದೆ.

ಧಡ್, ಧಡ್, ಧಡ್.

ನೋಲಾ, ಗುದ್ದಲು ನನ್ನ ಕೈ ಆ ಶೆಡ್ಡಿನ ಗೋಡೆ ಹುಡುಕಿತು. ವೆಸ್ನಾ ಮುಖ ಸಿಂಡರಿಸಿ ತಟ್ಟೆ ಎತ್ತಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಒಳಕ್ಕೆ ಹಾಕಿದಳು. ಅಲ್ಲೊಂದು ರಬ್ಬರ್ ಚಕ್ರ. ಮೋಟಾರಿನ ಕಡ್ಡಿಗೆ ಒತ್ತಿಕೊಂಡು, ಅದರ ಓಟವನ್ನು ತಟ್ಟೆಗೆ ದಾಟಿಸುವುದು ಅದರ ಕೆಲಸ. ಯಂತ್ರದ ಗುಬುಟು ತಿರುಗಿಸಿ ನಿಲ್ಲಿಸಿದರೆ ಚಕ್ರ ಹಿಂದೆ ಸರಿದು ವಿಶ್ರಾಂತಿ ಪಡೆಯುತ್ತದೆ. "ಆದ್ರೆ ನಮ್ಮ ಮುದುಕೀರು ಏನ್ ಮಾಡ್ತಾರೆ ಹೇಳು? ಕರೆಂಟ್ ಉಳೀಲಿ ಅಂತ ಗೋಡೆ ಸ್ವಿಚ್ ಆರಿಸ್ತಾರೆ! ಟೋಸ್ಟರು, ಕೆಟಲ್ಲು, ಇದು, ಎಲ್ಲ ಗೋಡೇಲೇ ಟಕ್. ಯಂತ್ರ ನಿಂತಿತು, ಚಕ್ರ ಮಾತ್ರ ಪಾಪ ಒತ್ಕೊಂಡೇ ಇರುತ್ತೆ. ರಾತ್ರಿಯೆಲ್ಲ, ವರ್ಷಗಟ್ಲೆ. ಒಂದೇ ಕಡೆ ಒತ್ತಿ ಒತ್ತಿ ಗುಳಿ ಬೀಳುತ್ತೆ. ಆಮೇಲೆ ಸುತ್ತಿಗೊಂದು ಕುಂಟು." ನೀವು ಮಲಗುವ ಮುಂಚೆ ಮನೆಯೆಲ್ಲ ಸುತ್ತಿ ಗೋಡೆ ಸ್ವಿಚ್‌ಗಳನ್ನು ಟಕ್ ಟಕ್ ಎಂದು ಆರಿಸುತ್ತಿದ್ದುದು ನನ್ನ ಹಾಸಿಗೆಗೆ ಕೇಳಿಸುತ್ತಿತ್ತು. ಕೊನೆಯ ಟಕ್ ಆದ ಮೇಲೆ ನನಗೆ ನಿದ್ದೆ ಬರುತ್ತಿತ್ತು.

ವೆಸ್ನಾ ಹೊಸ ಚಕ್ರ ಕೂರಿಸಿದಳು. ಗುಳಿ ಬಿದ್ದದ್ದನ್ನು ಕಸದ ಡಬ್ಬಿಗೆ ಎಸೆದಳು. ಮುಳ್ಳು ಸೇರಿಸಿಯೂ ನಿಮ್ಮ ನಾಲ್ಕು ನೂರರ ಗೆರೆ ದಾಟಲಿಲ್ಲ.

ಮನೆಗೆ ತಂದು ಪರೀಕ್ಷೆಗೆಂದು ಕೂತೆ. ದಾನದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ರೆಕಾರ್ಡ್ ಒಂದೇ: ಸ್ಕಾಟ್‌ಲೆಂಡಿನ ಚೀಲವಾದ್ಯ. ಹಸುವನ್ನು ಬಾಗಿಲ ಸಂದಿಗೆ ಸಿಕ್ಕಿಸಿದಂಥ ಆ ನಾದದಲ್ಲೂ ಈ ಯಂತ್ರ ಒಂದು ಘನತೆ ತಂದಿತು. ಮರಕ್ಕೆ ಕಿವಿ ಇಟ್ಟೆ: ಗುಂಯ್ ಎನ್ನುವುದೂ ಇಲ್ಲ. ಹಾಡು ಮುಗಿದ ಮೇಲೆ ತಟ್ಟೆ ಸುತ್ತುತ್ತಲೇ ಇತ್ತು, ಏನೇನೂ ಕೇಳಿಸಲಿಲ್ಲ. ಇಷ್ಟು ಚಂದದ ನಿಶ್ಶಬ್ದವನ್ನು ದುಡ್ಡು ಕೊಟ್ಟು ತಂದೆನಲ್ಲ ಎನಿಸಿತು. ಅದು ನನ್ನ ಮನೆಯಲ್ಲಿ ಪುಕ್ಕಟೆಯಾಗಿಯೇ ಬೇಕಾದಷ್ಟಿತ್ತು. ಎದ್ದುಹೋಗಿ ಗೋಡೆಗೆ ಕಿವಿ ಕೊಟ್ಟೆ, ಆಚೆಯಿಂದ ಯಾರಾದರೂ ಮಗುಚಿ ಹಾಕು ಎನ್ನುತ್ತಾರೇನೋ ಎಂದು. ಆಮೇಲೆ ನಾನೇ ಬಂದು ಮಗುಚಿ ಹಾಕಿದೆ. ಇನ್ನೊಂದು ಬದಿಯಲ್ಲೂ ಚೀಲವಾದ್ಯವೇ.

ಯಂತ್ರ ಇಂದು ಸರಕಿನ ಲಾರಿ ಹತ್ತುತ್ತಿದೆ. ತೋಳನ್ನು ದಾರದಿಂದ ಕಟ್ಟಿದ್ದೇನೆ. ತಟ್ಟೆಯನ್ನು ಬೇರೆ ಮಾಡಿ ನನ್ನ ಎರಡು ಸ್ವೆಟರಿನಲ್ಲಿ ಸುತ್ತಿದ್ದೇನೆ. ಟೌನ್ಸ್‌ವಿಲ್‌ನ ಸೆಕೆಯಲ್ಲಿ ಸ್ವೆಟರು ನಿಮಗೆ ಬೇಡ, ನನಗೆ ಬೇಕು, ಯಾವಾಗಲಾದರೂ ತಂದುಕೊಡಿ. ಕೈಮುಗಿದು ಕೇಳುವುದೊಂದೇ: ಗೋಡೆ ಸ್ವಿಚ್ ಆರಿಸಬೇಡಿ. ಮೊದಲು ಗುಬುಟು. ಚಕ್ರಕ್ಕೂ ಸ್ವಲ್ಪ ಹಿಂದೆ ಸರಿದು ಮಲಗುವ ಹಕ್ಕಿದೆ.

ತಮ್ಮ ಚಹಾ ಎಂದೂ ಆರದಿರಲಿ, ತಮ್ಮ ಮುಳ್ಳು ಎಂದೂ ಜಾರದಿರಲಿ, ಉತ್ತರದ ಮೊಸಳೆಗಳು ತಮ್ಮನ್ನು ಕಂಡು ದೂರದಿಂದಲೇ ದಾರಿ ಬಿಡಲಿ.

ಗೋಡೆಯ ಈಚೆಯಿಂದ, ಕಪ್ಪೆಯ ಟೋಪಿಯಾಣೆಗೂ ತಮ್ಮವನೇ ಆದ,
ಕ್ಲೆಮ್

ತಾ.ಕ.: ಈ ವರದಿಯಲ್ಲಿ ಗುಣಮಟ್ಟದ ಬಗ್ಗೆ ಬರೆದದ್ದೆಲ್ಲ ನಿಜ, ಒಂದನ್ನು ಬಿಟ್ಟು. ವೆಸ್ನಾ ಮತ್ತೊಮ್ಮೆ ಗಂಡನ ಮೇಲೆ ಕೂಗುತ್ತಿದ್ದಾಗ ನಾನು ಡಬ್ಬಿಯಿಂದ ಆ ಗುಳಿ ಬಿದ್ದ ಚಕ್ರ ಎತ್ತಿಕೊಂಡೆ. ಚೀಲವಾದ್ಯದ ಪರೀಕ್ಷೆ ಮುಗಿದ ಮೇಲೆ ಹೊಸದನ್ನು ತೆಗೆದು ಅದನ್ನೇ ಕೂರಿಸಿದೆ, ನಿಮ್ಮ ಯಂತ್ರದೊಳಗೆ ಈಗ ಇರುವುದು ಅದೇ. ಹಾಕಿದ ಕೂಡಲೇ ಧಡ್ ಧಡ್ ಎನ್ನುತ್ತದೆ. ನಿಮಗೆ ಸಿಟ್ಟು ಬರುತ್ತದೆ. ಫೋನ್ ಎತ್ತಿಕೊಂಡು ನನ್ನನ್ನು ಬೈಯುತ್ತೀರಿ ಎಂದು ಲೆಕ್ಕ ಹಾಕಿದ್ದೆ. ಆಮೇಲೆ ಮನಸ್ಸು ತಡೆಯಲಿಲ್ಲ, ಬರೆದುಬಿಟ್ಟೆ. ಒಳ್ಳೆಯ ಚಕ್ರ ನೀಲಿ ಸ್ವೆಟರಿನ ತೋಳಿನಲ್ಲಿದೆ. ಹಾಕುವುದು ಬಹಳ ಸುಲಭ, ಯಾರ ಸಹಾಯವೂ ಬೇಡ. ಆದರೂ ಫೋನ್ ಮಾಡಿ.