ಸದ್ದಿಲ್ಲದ ಕಾರಿನ ಆಯುಸ್ಸು

ಮಂಗಳವಾರ, ೧೧ ನವೆಂಬರ್ ೨೦೨೫, ಕೊಳ್ಳೇಗಾಲ

ಇವತ್ತು ನನ್ನ ಗ್ಯಾರೇಜಿನಲ್ಲೇ ನಿಂತು ಗೊತ್ತಿಲ್ಲ ಎಂದುಬಿಟ್ಟೆ. ಮೂವತ್ತೆರಡು ವರ್ಷಗಳಲ್ಲಿ ಇದೇ ಮೊದಲು.

ಕುಂತೂರಿನ ಶಿವನಂಜಯ್ಯನವರು ಐದು ವರ್ಷ ಓಡಿದ ಎಲೆಕ್ಟ್ರಿಕ್ ಕಾರೊಂದನ್ನು ಕೊಳ್ಳುವ ಮೊದಲು ನನಗೆ ತೋರಿಸಲು ತಂದಿದ್ದರು. "ನೀ ಏಳ್ದ ಡೀಸೆಲ್ ಗಾಡಿ ಇಪ್ಪತ್ತೊರ್ಸ ಓಡ್ತು ಕಣಪ್ಪ. ಇದು ಎಷ್ಟೊರ್ಸ ಬತ್ತದೆ, ನೀನೇ ಏಳು" ಎಂದರು.

ಡೀಸೆಲ್ ಇಂಜಿನ್ ಆಗಿದ್ದರೆ ಸದ್ದು ಕೇಳಿ, ಹೊಗೆ ನೋಡಿ ಹೇಳುತ್ತಿದ್ದೆ. ಬಾನೆಟ್ ಎತ್ತಿ ಕಿವಿಗೊಟ್ಟೆ. ಕೇಳಲು ಏನೂ ಇರಲಿಲ್ಲ. ಗೊತ್ತಿಲ್ಲ ಎಂದೆ.

ಊಟ ತಂದಿದ್ದ ಮಗಳು ಶೃತಿ ಬಾಗಿಲಲ್ಲೇ ನಿಂತಿದ್ದಳು. ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದರೂ ಅವಳನ್ನು ಗ್ಯಾರೇಜಿನೊಳಗೆ ನಾನು ಬಿಟ್ಟವನಲ್ಲ. ಇವತ್ತು ನನ್ನನ್ನು ಕೇಳದೆಯೇ ಒಳಗೆ ಬಂದಳು. ಬ್ಯಾಗಿನಿಂದ ಕಾರಿನ ಕಂಪ್ಯೂಟರ್ ಓದುವ ಚಿಕ್ಕ ಸ್ಕ್ಯಾನರ್ ತೆಗೆದು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ ಫೋನು ನೋಡಿದಳು.

"ಬ್ಯಾಟ್ರಿ ತಾಕತ್ತು ಇನ್ನೂ ತೊಂಬತ್ತೊಂದು ಪರ್ಸೆಂಟ್ ಉಳ್ದದೆ ತಾತ. ಮೋಟ್ರು ಸವೆಯಾದು ಕಮ್ಮಿ. ಬಿಸ್ಲಲ್ಲಿ ನಿಲ್ಲಿಸ್ದೆ ನೋಡ್ಕಂಡ್ರೆ ಇನ್ನೂ ಅದಿನೈದೊರ್ಸ ಬರ್ಬೋದು. ಡೀಸೆಲ್ ಗಾಡಿಗೇನೂ ಕಮ್ಮಿಯಿಲ್ಲ."

ಶಿವನಂಜಯ್ಯನವರು ನನ್ನ ಕಡೆ ತಿರುಗಿದರು. "ನಿಜವೇನಪ್ಪ?"

"ಅವ್ಳು ಏಳಿದ್ಮೇಲೆ ಸರಿ ಕಣ್ರಿ" ಎಂದೆ.

ಸಂಕಟವಾಗಬೇಕಿತ್ತು. ಹೆಮ್ಮೆಯಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಕೈಗೆ ಚೂರೂ ಗ್ರೀಸ್ ಆಗಿರಲಿಲ್ಲ. ಆದರೂ ಊಟಕ್ಕೆ ಮೊದಲು ಸೋಪು ಹಾಕಿ ಮೊಣಕೈವರೆಗೆ ತೊಳೆದೆ.

"ನಾಳೇನೂ ಬರ್ಲಾ ಅಪ್ಪ?" ಎಂದು ಕೇಳಿದಳು.

ಬಾ ಎಂದೆ. ಅವಳ ಸ್ಕ್ಯಾನರ್ ಇಡಲು ನನ್ನ ಸ್ಪ್ಯಾನರ್‌ಗಳ ಪಕ್ಕ ಜಾಗ ಮಾಡಿದೆ.