ಬಿಚ್ಚಿದ ಅಂಗೈಗೆ ಮಾರ್ಕ್ಸ್ ಇಲ್ಲ

೩-೧೧-೨೦೦೮, ಸೋಮವಾರ

ಇವತ್ತೂ ಬೈಲಹೊಂಗಲ ಬಸ್ಸು. ಇವತ್ತೂ ದವಾಖಾನ್ಯಾಗ ಕಣ್ಣಿಗೆ ಡಬ್ಬಿ, ಗಾಣದ ಎತ್ತಿಗೆ ಕಟ್ಟಿದಂಗ. ಜೋಳದ ರಾಶಿ ಮಾಡೂ ಮಿಷನ್ನು ನನ್ನ ಎಡಗೈ ತಿಂದು ವರ್ಷಾತು. ಮೊಂಡ ತೋಳಿಗೆ ವಾಯರ್ ಹಚ್ಚಿ, ಡಬ್ಬಿಯೊಳಗ ಒಂದು ಸುಳ್ಳ ಕೈ ತೋರಸ್ತಾರ. ತೋಳು ಒಳಗ ಬಿಗದ್ರ ಅದು ಮುಚ್ಚತೈತಿ, ಹೊರಗ ಬಿಗದ್ರ ಬಿಚ್ಚತೈತಿ. ಈ ಆಟದಾಗ ಪಾಸಾದ್ರ ಖರೇ ಕರೆಂಟಿನ ಕೈ ಕೊಡ್ತಾರಂತ. ಫೇಲಾದ್ರ ಇಲ್ಲ.

ಹೊಲದ ಕೆಲಸಕ್ಕ ಬೇಕಿಲ್ಲ ನನಗ. ಎಡ ಅಂಗೈ ಮ್ಯಾಲ ಲಿಂಗ ಇಟ್ಟು ಪೂಜಾ ಮಾಡಬೇಕು. ವರ್ಷದಿಂದ ಕಟಗಿ ಮಣಿ ಮ್ಯಾಲ ಇಟ್ಟು ಮಾಡಾಕ ಹತ್ತೇನಿ. ಅದೂ ಒಂದು ಪೂಜಾ ಏನು...

೫-೧೧, ಬುಧವಾರ

ಡಬ್ಬಿಯೊಳಗ ಲಡ್ಡು. ‘ಆಂಟಿ, ಹಿಡದು ಬಾಯಿಗೆ ಇಟ್ಕೋರಿ’ ಅಂದ್ಲು ಕಲಿಸೂ ಹುಡುಗಿ ಶೈಲಜಾ. ಎಡಗೈಲೆ! ನಾ ಎತ್ತಲೇ ಇಲ್ಲ. ‘ಸ್ನಾಯು ವೀಕ್’ ಅಂತ ಕಂಪ್ಯೂಟರಿನ್ಯಾಗ ಹೊಡದ್ಲು. ಈಕಿ ಉಣ್ಣಾಕ ಯಾವ ಕೈಯೋ, ತೊಳ್ಯಾಕ ಯಾವ ಕೈಯೋ.

ಬಸ್ಸಿನ್ಯಾಗ ಯಜಮಾನರು ನಕ್ಕಿದ್ದ ನಕ್ಕಿದ್ದು. ‘ಇಲ್ಲದ ಲಡ್ಡು, ಇಲ್ಲದ ಕೈ. ಪಾಪ ಒಂದ ಖರೇ ಏನ್ ನಿಂದು?’ ವಾರಕ್ಕೊಮ್ಮಿ ವಿಭೂತಿ ಕಾಣೂ ಹಣಿ ಅವರದು. ಅವರ ಬಾಯಾಗ ಪಾಪದ ಮಾತು.

೧೦-೧೧, ಸೋಮವಾರ

ಶೈಲಜಾಗ ಕೇಳಿದೆ — ಅಂಗೈ ಬಿಚ್ಚಿ ಹಂಗ ಹಿಡಿಯೂ ಆಟ ಐತೇನವಾ?

‘ಇಲ್ಲರಿ ಆಂಟಿ. ಬಿಚ್ಚಿ ಹಿಡದ್ರ ಮಾರ್ಕ್ಸ್ ಇಲ್ಲ. ಏನರ ಹಿಡಕೋಬೇಕು.’

ಇಷ್ಟ ಇವರ ವಿದ್ಯಾ. ಹಿಡಕೊಂಡಾಂವ ಪಾಸು.

ಶಿವಾ ಅಂದು ಡಬ್ಬಿಯೊಳಗಿನ ಲಡ್ಡು ತಿಂದೆ. ಎಡಗೈಲೆ. ಬುಟ್ಟಿ ಖಾಲಿ ಆಗೂತನಕ. ಡಬ್ಬಿಯೊಳಗ ಯಾರೋ ಚಪ್ಪಾಳಿ ಹೊಡದ್ರು. ಮನಿಗೆ ಬಂದು ಬಾಯಿ ತೊಳಕೊಂಡೆ.

೧೯-೧-೨೦೦೯, ಸೋಮವಾರ, ಮುಂಜಾನೆ

ಕೈ ನಿನ್ನೆ ಬಂತು. ಮೈಬಣ್ಣ ಅಂತಾರ — ಸುಲಿದ ಗೆಣಸಿನ ಬಣ್ಣ.

ಜಳಕಾ ಮಾಡಿ ಕುಂತೆ. ಅಂಗೈ ಬಿಚ್ಚಿತು. ಲಿಂಗ ಇಟ್ಟೆ. ಎದಿ ತುಂಬಿ ಬಂತು, ತೋಳು ಬಿಗೀತು — ಗುಂಯ್ ಅಂತ ಮುಚ್ಚೇಬಿಟ್ಟಿತು. ಕಲಿಸಿದ್ದು ಅದನ್ನ ಅಲ್ಲೇನು.

ಯಜಮಾನರು ಪಾನಾ ಹಿಡಕೊಂಡು ಬಂದ್ರು. ‘ತಾ ಇಲ್ಲೆ, ಬೆರಳು ಎಬ್ಬಸ್ತೇನಿ.’

‘ಮುಟ್ಟಬ್ಯಾಡ್ರಿ. ಟ್ರ್ಯಾಕ್ಟರಿನ ನಟ್ಟಲ್ಲ ಇದು.’

ಬಲಗೈಲೆ ಬರಿಯಾಕ ಹತ್ತೇನಿ. ಎಡಗೈ ತೊಡಿ ಮ್ಯಾಲ, ಮುಷ್ಟಿಯೊಳಗ ಲಿಂಗ. ಹೊರಗ ಬಿಗಿಯಾಕ ಹ್ವಾದ್ರೂ ತೋಳು ಒಳಗ ಬಿಗಿತೈತಿ. ಆ ಶೈಲಜಾ ನೆನಪಾದ್ರ ಬಿಗಿತೈತಿ. ಇವರು ಕೆಮ್ಮಿದ್ರೂ ಬಿಗಿತೈತಿ. ಶಿವಾ ಶಿವಾ ಅಂತ ಸುಮ್ಮನ ಕುಂತೇನಿ. ಹೆಬ್ಬೆರಳು ಈಗ ಒಂದೀಟು ಸಡಿಲ—